ಆರೋಪಿಗಳ ಪರ ವಾದಿಸಿದವರು ಮುಖ್ಯ ಸರ್ಕಾರಿ ವಕೀಲರಾಗಬಹುದಾ? ಫಿಲಡೆಲ್ಫಿಯಾ ಕಥೆ ಇಟ್ಟುಕೊಂಡು ಮಾತಾಡೋಣ

ತುಂಗಾತೀರ:
ನಾನು ಫಿಲಡೆಲ್ಫಿಯಾದಲ್ಲಿ ಇರುವವನು. ಊರಿಂದ ಫೋನ್ ಮಾಡಿದವರೆಲ್ಲ ಟ್ರಂಪ್ ಬಗ್ಗೆ ಕೇಳುತ್ತಾರೆ. ನಮ್ಮ ಡಿಎ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಅದೇ ಜಾಸ್ತಿ ಸ್ವಾರಸ್ಯದ ಕಥೆ.

ಡಿಎ ಅಂದರೆ ಡಿಸ್ಟ್ರಿಕ್ಟ್ ಅಟಾರ್ನಿ. ಒಂದು ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಕ್ರಿಮಿನಲ್ ಕೇಸುಗಳಿಗೆಲ್ಲ ಸರ್ಕಾರದ ಪರ ಮುಖ್ಯಸ್ಥರು. ಇಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಈ ಹುದ್ದೆಗೆ ಜನರೇ ವೋಟು ಹಾಕುತ್ತಾರೆ. ಸಾಮಾನ್ಯವಾಗಿ ನಿಲ್ಲುವವರು ಹಳೇ ಪ್ರಾಸಿಕ್ಯೂಟರುಗಳು, ಅಂದರೆ ಸರ್ಕಾರಿ ವಕೀಲರು. "ನಾನು ಇಷ್ಟು ಜನರನ್ನು ಒಳಗೆ ಹಾಕಿಸಿದೆ" ಅನ್ನುವುದೇ ಅವರ ಪ್ರಚಾರ.

2017ರಲ್ಲಿ ಇಲ್ಲಿ ಲ್ಯಾರಿ ಕ್ರಾಸ್ನರ್ ನಿಂತರು. ಸುಮಾರು 30 ವರ್ಷ ಆರೋಪಿಗಳ ಪರ ವಾದಿಸಿದವರು. ಒಂದು ದಿನವೂ ಪ್ರಾಸಿಕ್ಯೂಟರ್ ಆಗಿರಲಿಲ್ಲ. ಪೊಲೀಸ್ ಇಲಾಖೆಯ ಮೇಲೆ 75 ಸಲ ದಾವೆ ಹೂಡಿದ್ದವರು. ಆಗ ಕುರ್ಚಿಯಲ್ಲಿದ್ದ ಸೇತ್ ವಿಲಿಯಮ್ಸ್ ಲಂಚದ ಕೇಸಿನಲ್ಲಿ ಸಿಕ್ಕಿಬಿದ್ದು, ಕೊನೆಗೆ ತಪ್ಪೊಪ್ಪಿಕೊಂಡು 5 ವರ್ಷ ಜೈಲು ಶಿಕ್ಷೆ ಪಡೆದರು. ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಏಳು ಜನ. ಕ್ರಾಸ್ನರ್ ಶೇ 38ರಷ್ಟು ಮತ ಪಡೆದು ಗೆದ್ದರು. ಈ ಊರಿನಲ್ಲಿ ಡೆಮಾಕ್ರಟಿಕ್ ಟಿಕೆಟ್ ಸಿಕ್ಕರೆ ಅರ್ಧ ಗೆದ್ದ ಹಾಗೆಯೇ.

ಅವರು ಜನರ ಮುಂದಿಟ್ಟ ಆದ್ಯತೆಗಳನ್ನು ನೋಡಿ. ಮರಣದಂಡನೆ ಕೇಳುವುದಿಲ್ಲ. ಸಣ್ಣ ಕೇಸುಗಳಲ್ಲಿ ಹಣದ ಜಾಮೀನು ಕೇಳುವುದಿಲ್ಲ. ಗಾಂಜಾ ಇಟ್ಟುಕೊಂಡವರ ಹಿಂದೆ ಬೀಳುವುದಿಲ್ಲ. ತಪ್ಪಾಗಿ ಶಿಕ್ಷೆಯಾದವರ ಹಳೇ ಫೈಲು ತೆಗೆಸುತ್ತೇನೆ. ಪೊಲೀಸರು ತಪ್ಪು ಮಾಡಿದರೆ ಅವರ ಮೇಲೂ ಕೇಸು. ಇದರಲ್ಲಿ ಅರ್ಧಕ್ಕರ್ಧ "ಮಾಡುವುದಿಲ್ಲ" ಅನ್ನುವ ಪಟ್ಟಿ. ಹೀಗೆ ಹೇಳಿ ಮೂರು ಸಲ ಗೆದ್ದಿದ್ದಾರೆ, 2017, 2021, 2025. ನಿಮಗೇನನ್ನಿಸುತ್ತದೆ?

ಬೆಣ್ಣೆದೋಸೆ:
ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಸರ್ಕಾರದ ವಕೀಲರು ಸಂತ್ರಸ್ತರ ಪರ ನಿಲ್ಲಬೇಕು. ಆರೋಪಿಗಳಿಗೆ ಆಗಲೇ ವಕೀಲರಿದ್ದಾರಲ್ಲ, ಇನ್ನೊಬ್ಬರು ಯಾಕೆ? ಮತ್ತೆ ಆ ಕೋಟ್ಯಧೀಶ ಜಾರ್ಜ್ ಸೊರೋಸ್ ದುಡ್ಡಿನ ವಿಷಯ ಯಾಕೆ ಬಿಟ್ಟಿರಿ ಸರ್?

ತುಂಗಾತೀರ:
ಬಿಟ್ಟಿಲ್ಲ, ಬರುವುದರಲ್ಲಿದ್ದೆ. 2017ರ ಪ್ರೈಮರಿಯಲ್ಲಿ ಸೊರೋಸ್ ದುಡ್ಡಿನ ಒಂದು ಪ್ರಚಾರ ಸಮಿತಿ 10 ಲಕ್ಷ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿತು. ಡಿಎ ಚುನಾವಣೆಗೆ ಅದು ಭಾರೀ ಮೊತ್ತ. ಅದಿಲ್ಲದಿದ್ದರೆ ಗೆಲ್ಲುತ್ತಿದ್ದರಾ ಅಂತ ಅನುಮಾನ ಪಡುವುದರಲ್ಲಿ ತಪ್ಪಿಲ್ಲ. ಆದರೆ ಇಡೀ ಊರಿಗೆ ಅವರ ಕೆಲಸ ನೋಡಿ ಗೊತ್ತಾದ ಮೇಲೂ ಎರಡು ಸಲ ಗೆಲ್ಲಿಸಿದ್ದಾರೆ. ಅದನ್ನು ಬರೀ ದುಡ್ಡಿನ ಲೆಕ್ಕಕ್ಕೆ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಕರಿಕೋಟು:
ಮೈಸೂರಿನಲ್ಲಿ ಕ್ರಿಮಿನಲ್ ಪ್ರಾಕ್ಟೀಸ್ ಮಾಡುತ್ತೇನೆ. ಈ ಚರ್ಚೆ ಓದಿ ನಗು ಬಂತು, ಯಾಕೆಂದರೆ ನಮ್ಮಲ್ಲಿ ಇದು ಸುದ್ದಿಯೇ ಅಲ್ಲ. ಸೆಷನ್ಸ್ ಕೋರ್ಟಿನ ಪಬ್ಲಿಕ್ ಪ್ರಾಸಿಕ್ಯೂಟರ್ (ಪಿಪಿ) ಆಗಲು ಕನಿಷ್ಠ 7 ವರ್ಷ ವಕೀಲಿಕೆ ಮಾಡಿರಬೇಕು ಅಂತ ಕಾನೂನಿದೆ. ಮೊದಲು ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಸಿಆರ್‌ಪಿಸಿಯ 24ನೇ ಸೆಕ್ಷನ್, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 18. ಆ 7 ವರ್ಷ ಅವರು ಏನು ಮಾಡಿರುತ್ತಾರೆ? ಹೆಚ್ಚಿನವರು ಆರೋಪಿಗಳ ಪರವೇ ವಕಾಲತ್ತು ಹಾಕಿರುತ್ತಾರೆ. ನಿನ್ನೆ ಜಾಮೀನು ಕೇಳಿದವರು ಇವತ್ತು ಪಿಪಿ ಆಗಿ ಜಾಮೀನಿಗೆ ತಕರಾರು ಹಾಕುತ್ತಾರೆ. ಸರ್ಕಾರ ಬದಲಾದರೆ ಮತ್ತೆ ಈ ಕಡೆಗೆ ಬರುತ್ತಾರೆ. ಯಾರೂ ಹುಬ್ಬೇರಿಸುವುದಿಲ್ಲ.

ಬೆಣ್ಣೆದೋಸೆ ಅವರ ಮಾತಿಗೆ ಬರುತ್ತೇನೆ. ಪಿಪಿ ಸಂತ್ರಸ್ತರ ವಕೀಲರಲ್ಲ. ಸಂತ್ರಸ್ತರು ಬೇಕಾದರೆ ಬೇರೆ ವಕೀಲರನ್ನು ಇಟ್ಟುಕೊಳ್ಳಬಹುದು, ಅವರು ಪಿಪಿ ಹೇಳಿದ ಹಾಗೆ ನಡೆಯಬೇಕು. ಪಿಪಿ ಕೋರ್ಟಿನ ಮುಂದೆ ಸತ್ಯ ಇಡಬೇಕಾದವರು. ಆರೋಪಿಗೆ ಅನುಕೂಲವಾದ ಸಂಗತಿ ಗೊತ್ತಿದ್ದರೆ ಅದನ್ನೂ ಮುಚ್ಚಿಡಬಾರದು.

ಬೆಣ್ಣೆದೋಸೆ:
ಪುಸ್ತಕದಲ್ಲಿ ಹಾಗಿದೆ ಸರ್. ಕೋರ್ಟಿನಲ್ಲಿ ನೋಡಿದ್ದೀರಾ?

ಕರಿಕೋಟು:
ದಿನಾ ನೋಡುತ್ತೇನೆ 🙂 ನಿಮ್ಮ ಮಾತು ಒಪ್ಪಬೇಕಾದದ್ದೇ.

ತುಂಗಾತೀರ:
ಕರಿಕೋಟು ಸರ್, ನಿಮ್ಮಲ್ಲಿ ಯಾಕೆ ಸುದ್ದಿಯಾಗುವುದಿಲ್ಲ ಅಂದರೆ ಪಿಪಿ ಕೈಯಲ್ಲಿ ಅಧಿಕಾರ ಕಡಿಮೆ. ಕೇಸು ಹಾಕುವುದು ಪೊಲೀಸರು. ಚಾರ್ಜ್‌ಶೀಟ್ ಪೊಲೀಸರದ್ದು. ಪಿಪಿ ಕೈಗೆ ಬರುವಾಗ ಅಡುಗೆ ಆಗಿಹೋಗಿರುತ್ತದೆ, ಬಡಿಸುವುದಷ್ಟೇ ಬಾಕಿ. ಇಲ್ಲಿ ಹಾಗಲ್ಲ. ಪೊಲೀಸರು ಹಿಡಿದು ತಂದರೂ ಫಿಲಡೆಲ್ಫಿಯಾದಲ್ಲಿ ಯಾವ ಆರೋಪ ಹೊರಿಸಬೇಕು ಅಂತ ತೀರ್ಮಾನಿಸುವುದು ಡಿಎ ಕಚೇರಿ. ಜಾಮೀನಿಗೆ ಎಷ್ಟು ಕೇಳಬೇಕು, ತಪ್ಪೊಪ್ಪಿಗೆಯ ಒಪ್ಪಂದಕ್ಕೆ ಎಷ್ಟು ವರ್ಷ ಅನ್ನಬೇಕು, ಅದೂ ಅವರೇ.

ಒಪ್ಪಂದದ ಮಾತು ಮುಖ್ಯ. ರಾಜ್ಯದ ಕೋರ್ಟುಗಳಲ್ಲಿ ಆಗುವ ಶಿಕ್ಷೆಗಳಲ್ಲಿ ಶೇ 94ರಷ್ಟು ತಪ್ಪೊಪ್ಪಿಗೆಯಿಂದ ಬರುತ್ತವೆ ಅಂತ 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಒಂದು ತೀರ್ಪಿನಲ್ಲಿ ಬರೆದಿದೆ. ಸಿನಿಮಾದಲ್ಲಿ ನೋಡುವ ಜ್ಯೂರಿ ವಿಚಾರಣೆ ಅಪರೂಪ. "10 ವರ್ಷದ ಕೇಸು ಹಾಕುತ್ತೇನೆ, ಒಪ್ಪಿಕೊಂಡರೆ 3 ವರ್ಷ" ಅಂತ ಡಿಎ ಕಡೆಯವರು ಹೇಳುತ್ತಾರೆ. ಜನ ಹೆದರಿ ಸಹಿ ಹಾಕುತ್ತಾರೆ. ಜಾಮೀನಿಗೆ ದುಡ್ಡಿಲ್ಲದೆ ಒಳಗಿರುವವರಂತೂ ತಪ್ಪು ಮಾಡದಿದ್ದರೂ ಮನೆಗೆ ಹೋದರೆ ಸಾಕು ಅಂತ ಸಹಿ ಹಾಕುತ್ತಾರೆ. 30 ವರ್ಷ ಆ ಬೆಂಚಿನ ಪಕ್ಕ ಕೂತು ಇದನ್ನು ನೋಡಿದವರ ಆದ್ಯತೆ ಬೇರೆಯೇ ಇರುತ್ತದೆ ಅಲ್ವಾ?

2018ರ ಜನವರಿಯಲ್ಲಿ ಕೂತ ಮೊದಲ ವಾರವೇ ಕ್ರಾಸ್ನರ್ ತಮ್ಮ ಕಚೇರಿಯ 31 ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಫೆಬ್ರವರಿಯಲ್ಲಿ 25 ಬಗೆಯ ಸಣ್ಣ ಅಪರಾಧಗಳಿಗೆ ಹಣದ ಜಾಮೀನು ಕೇಳುವುದನ್ನು ನಿಲ್ಲಿಸಿದರು. ಆಮೇಲೆ ಕಚೇರಿಯ ಪ್ರಾಸಿಕ್ಯೂಟರುಗಳಿಗೆ ಒಂದು ಮೆಮೊ ಬಂತು. ಅದರಲ್ಲಿ ನನಗೆ ಹಿಡಿಸಿದ್ದು ಒಂದೇ ಸಾಲು. ಶಿಕ್ಷೆ ಕೇಳುವಾಗ ಪ್ರಾಸಿಕ್ಯೂಟರ್ ಅದರ ಖರ್ಚನ್ನೂ ಜಡ್ಜ್ ಮುಂದೆ ಹೇಳಬೇಕು. ಒಬ್ಬರನ್ನು ಒಂದು ವರ್ಷ ಜೈಲಿನಲ್ಲಿ ಇಡಲು 42,000ದಿಂದ 60,000 ಡಾಲರ್. ಶಾಲೆಯ ಮೇಷ್ಟ್ರ ಸಂಬಳಕ್ಕೆ ಇದನ್ನು ಹೋಲಿಸಿ ಮೆಮೊದಲ್ಲೇ ಬರೆದಿದ್ದರು. ತೆರಿಗೆ ಕಟ್ಟುವವನಾಗಿ ನನಗೆ ಅದು ಇಷ್ಟವಾಯಿತು.

ಅಂಗಡಿ_ಶೆಟ್ಟರು:
ನಾನು ಅಮೆರಿಕದಲ್ಲೇ ಇನ್ನೊಂದು ಊರಿನಲ್ಲಿದ್ದೇನೆ, ಹೆಸರು ಬೇಡ. ದಿನಸಿ ಅಂಗಡಿ ಇಟ್ಟಿದ್ದೇನೆ. ನಿಮ್ಮೆಲ್ಲರ ತತ್ವ ಓದಿದೆ. ಈಗ ನನ್ನದು ಕೇಳಿ.

ತುಪ್ಪದ ಡಬ್ಬಿ, ಬೇಬಿ ಫಾರ್ಮುಲಾ, ಬ್ಯಾಟರಿ. ಇವು ಮೂರು ಹೋಗುತ್ತವೆ. ಒಬ್ಬನೇ ಮನುಷ್ಯ, ಒಂದೇ ಜಾಕೆಟ್, ವಾರಕ್ಕೊಂದು ಸಲ. ಪೊಲೀಸರನ್ನು ಕರೆದರೆ "ಎಷ್ಟು ಡಾಲರ್ ಮಾಲು?" ಅಂತ ಕೇಳುತ್ತಾರೆ. ಮೊತ್ತ ಹೇಳಿದರೆ ಮುಖದಲ್ಲೇ ಉತ್ತರ ಗೊತ್ತಾಗುತ್ತದೆ. ಡಿಎ ಯಾರು, ಯಾವ ಪಕ್ಷ, ನನಗೆ ಬೇಕಿಲ್ಲ. ಕಳ್ಳನಿಗೆ ಮಾತ್ರ ನಿಯಮ ಚೆನ್ನಾಗಿ ಗೊತ್ತು. ಅಷ್ಟರ ಒಳಗೇ ಎತ್ತುತ್ತಾನೆ.

ದೊಡ್ಡ ಚೈನ್ ಅಂಗಡಿಗೆ ಇನ್ಶೂರೆನ್ಸ್ ಇದೆ. ನನ್ನಂಥವರು ಕ್ಲೇಮ್ ಮಾಡಿದರೆ ಪ್ರೀಮಿಯಂ ಏರುತ್ತದೆ. ಸಣ್ಣ ಅಪರಾಧ ಅನ್ನುವವರು ಅದು ಯಾರಿಗೆ ಸಣ್ಣದು ಅಂತಲೂ ಹೇಳಬೇಕು.

ಬೆಣ್ಣೆದೋಸೆ:
👏👏 ಶೆಟ್ಟರೇ, ನೂರಕ್ಕೆ ನೂರು.

ತುಂಗಾತೀರ:
ಶೆಟ್ಟರೇ, ನಿಮ್ಮ ಮಾತಿಗೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಕ್ರಾಸ್ನರ್ ಮೆಮೊದಲ್ಲೂ ಇದೇ ಇತ್ತು. 500 ಡಾಲರ್‌ಗಿಂತ ಕಡಿಮೆ ಅಂಗಡಿ ಕಳ್ಳತನವನ್ನು, ಹಳೇ ಚರಿತ್ರೆ ಉದ್ದ ಇಲ್ಲದಿದ್ದರೆ, ಅತಿ ಸಣ್ಣ ಅಪರಾಧವಾಗಿ ದಾಖಲಿಸಿ ಅಂತ. ಕೇಸೇ ಇಲ್ಲ ಅಂತಲ್ಲ. ಆದರೆ ಅಂಕಿಯನ್ನು ಹೀಗೆ ಬಹಿರಂಗವಾಗಿ ಇಟ್ಟರೆ ನೀವು ಹೇಳಿದ್ದು ಆಗುತ್ತದೆ. ಅವರ ಆದ್ಯತೆಗಳಲ್ಲಿ ನನಗೆ ಎಲ್ಲಕ್ಕಿಂತ ಬಡಕಲು ಅನ್ನಿಸಿದ್ದು ಇದೇ.

ಫ್ರೀಮಾಂಟ್_ಪದ್ಮ:
ನಮ್ಮ ಕಡೆಯ ಕಥೆ ಸೇರಿಸುತ್ತೇನೆ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 2019ರಲ್ಲಿ ಚೇಸಾ ಬೂದಿನ್ ಗೆದ್ದರು. ಅವರು ಪಬ್ಲಿಕ್ ಡಿಫೆಂಡರ್, ಅಂದರೆ ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದವರ ಪರ ಸರ್ಕಾರದ ಸಂಬಳದಲ್ಲಿ ವಾದಿಸುವವರು. ಅವರ ಅಪ್ಪ ಅಮ್ಮ ಇಬ್ಬರೂ ಜೈಲಿನಲ್ಲಿದ್ದವರು. 1981ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಬ್ರಿಂಕ್ಸ್ ಕಂಪನಿಯ ಹಣದ ಗಾಡಿ ದರೋಡೆ ನಡೆಯಿತು. ಇಬ್ಬರು ಪೊಲೀಸರು, ಒಬ್ಬ ಕಾವಲುಗಾರ ಸತ್ತರು. ಆ ಕೇಸಿನಲ್ಲಿ ಹೆತ್ತವರು ಒಳಗೆ ಹೋದಾಗ ಬೂದಿನ್‌ಗೆ 14 ತಿಂಗಳು. ಅಮ್ಮ 2003ರಲ್ಲಿ ಹೊರಬಂದರು, ಅಪ್ಪ 2021ರಲ್ಲಿ. ಈ ಮನುಷ್ಯ ಡಿಎ ಆಗಿ ಹಣದ ಜಾಮೀನು ಕೇಳುವುದನ್ನೇ ಬಿಟ್ಟರು. ಅದರಲ್ಲಿ ಆಶ್ಚರ್ಯ ಏನೂ ಇಲ್ಲ.

2022ರ ಜೂನ್‌ನಲ್ಲಿ ಅವಧಿ ಮುಗಿಯುವ ಮುಂಚೆಯೇ ಜನ ವೋಟು ಹಾಕಿ ಅವರನ್ನು ಕೆಳಗಿಳಿಸಿದರು. ಶೇ 55ರಷ್ಟು ಜನ ಬೇಡ ಅಂದರು. ಕಾರಣ ಅಪರಾಧದ ಅಂಕಿಯೊಂದೇ ಅಲ್ಲ. 2021ರ ಜನವರಿಯಲ್ಲಿ 84 ವರ್ಷದ ಥಾಯ್ಲೆಂಡ್ ಮೂಲದ ತಾತನೊಬ್ಬರನ್ನು ಬೆಳಗಿನ ವಾಕಿಂಗ್‌ನಲ್ಲಿ ಒಬ್ಬ ತಳ್ಳಿ ಬೀಳಿಸಿದ, ಅವರು ತೀರಿಕೊಂಡರು. ಆ ವಿಡಿಯೊ ನೋಡಿದ ಮೇಲೆ ನಮ್ಮತ್ತೆಯವರು ಒಬ್ಬರೇ ವಾಕಿಂಗ್ ಹೋಗುವುದನ್ನು ನಿಲ್ಲಿಸಿದರು. ನಾವಿರುವುದು ಬೇರೆ ಕೌಂಟಿ, ಆದರೂ. ಏಷ್ಯಾದವರೆಲ್ಲ ಆಗ ಹಾಗೇ ಹೆದರಿದ್ದರು.

ಆಮೇಲೆ ನಮ್ಮ ಅಲಮೇಡಾ ಕೌಂಟಿಯ ಸರದಿ. 2022ರಲ್ಲಿ ಪಮೇಲಾ ಪ್ರೈಸ್ ಗೆದ್ದರು, ನಾಗರಿಕ ಹಕ್ಕುಗಳ ವಕೀಲೆ. 2024ರ ನವೆಂಬರ್‌ನಲ್ಲಿ ಅವರನ್ನೂ ತೆಗೆದರು. ನಾನೂ ತೆಗೆಯುವ ಕಡೆಗೇ ಒತ್ತಿದೆ. ಅದೇ ದಿನ ಕ್ಯಾಲಿಫೋರ್ನಿಯಾದಲ್ಲಿ ಜನರ ವೋಟಿಗೆ ಹಾಕಿದ್ದ 36ನೇ ಪ್ರಸ್ತಾಪವೂ ಪಾಸಾಯಿತು. 2014ರಲ್ಲಿ ಇದೇ ಜನ 950 ಡಾಲರ್ ಒಳಗಿನ ಕಳ್ಳತನವನ್ನು ಸಣ್ಣದು ಅಂತ ಮಾಡಿದ್ದರು. ಈಗ, ಮತ್ತೆ ಮತ್ತೆ ಕದ್ದರೆ ದೊಡ್ಡ ಕೇಸು. ಶೆಟ್ಟರಿಗೆ ಸಮಾಧಾನ ಆಗಬಹುದು.

ನೆನಪಿಡಿ, 950 ಡಾಲರ್ ಮಿತಿ ಬೂದಿನ್ ಮಾಡಿದ್ದೂ ಅಲ್ಲ, ಪ್ರೈಸ್ ಮಾಡಿದ್ದೂ ಅಲ್ಲ. ಆದರೆ ಬೈಗುಳ ಎಲ್ಲ ಹೋಗಿದ್ದು ಡಿಎಗೆ.

ಲೆಕ್ಕಪತ್ರ:
ಅಂಕಿ ಇಲ್ಲದೆ ಈ ಚರ್ಚೆ ಸುಮ್ನೆ ಸುತ್ತುತ್ತದೆ. ಫಿಲಡೆಲ್ಫಿಯಾದ ಕೊಲೆಗಳು: 2017ರಲ್ಲಿ 315. 2021ರಲ್ಲಿ 562, ಅಲ್ಲಿನ ದಾಖಲೆ. 2024ರಲ್ಲಿ 269. 2017ರಲ್ಲಿ ಕ್ರಾಸ್ನರ್ ಇನ್ನೂ ಡಿಎ ಆಗಿರಲಿಲ್ಲ. ಕೊನೆಯ ಎರಡರಲ್ಲಿ ಒಬ್ಬರೇ ಮನುಷ್ಯ, ಅದೇ ಧೋರಣೆ. 562ಕ್ಕೆ ಕ್ರಾಸ್ನರ್ ಕಾರಣ ಅನ್ನುವವರು 269ಕ್ಕೂ ಅವರಿಗೇ ಹಾರ ಹಾಕಬೇಕಾಗುತ್ತದೆ. ಎರಡೂ ತಪ್ಪು ಅನ್ನುವುದು ನನ್ನ ಅಭಿಪ್ರಾಯ. 2020ರಲ್ಲಿ ಇಡೀ ಅಮೆರಿಕದಲ್ಲೇ ಕೊಲೆಗಳು ಶೇ 30ರ ಆಸುಪಾಸು ಏರಿದವು. ಕಠಿಣ ಡಿಎಗಳು ಇದ್ದ ಕಡೆಯೂ ಏರಿದವು.

ಜಾಮೀನಿನ ಬಗ್ಗೆ ಮಾತ್ರ ಒಳ್ಳೆಯ ಅಧ್ಯಯನ ಇದೆ. ಔರೆಲಿ ಊಸ್, ಮೇಗನ್ ಸ್ಟೀವನ್ಸನ್ ಅನ್ನುವ ಇಬ್ಬರು 2018ರ ಆ 25 ಅಪರಾಧಗಳ ಧೋರಣೆಯನ್ನೇ ಹಿಡಿದು ನೋಡಿದರು. ಹಣ ಕಟ್ಟದೆ ಹೊರಬಂದವರು ಜಾಸ್ತಿಯಾದರು. ಕೋರ್ಟಿಗೆ ಬಾರದವರು ಜಾಸ್ತಿಯಾಗಲಿಲ್ಲ. ಮತ್ತೆ ಅಪರಾಧ ಮಾಡಿದವರೂ ಜಾಸ್ತಿಯಾಗಲಿಲ್ಲ. ಇನ್ನೊಂದು ಮಾತು: ಜೈಲು ಖಾಲಿಯಾಗತೊಡಗಿದ್ದು ಕ್ರಾಸ್ನರ್ ಬರುವುದಕ್ಕೂ ಮುಂಚೆ. 2015ರಲ್ಲಿ ಸುಮಾರು 8,000 ಜನ ಇದ್ದರು. ಆಗಲೇ ಒಂದು ಪ್ರತಿಷ್ಠಾನದ ನೆರವಿನಲ್ಲಿ ಕೋರ್ಟು, ಪೊಲೀಸ್, ಡಿಎ ಕಚೇರಿ ಸೇರಿ ಇಳಿಸುವ ಕೆಲಸ ಶುರು ಮಾಡಿದ್ದರು. ಎಲ್ಲ ಹೊಗಳಿಕೆಯೂ ಒಬ್ಬರಿಗೇ ಹೋಗುವುದು ಬೇಡ.

ಬೆಣ್ಣೆದೋಸೆ:
ಅಂಕಿ ಸರಿ. ಆದರೆ 562 ಮನೆಗಳಲ್ಲಿ ಕೂತವರ ಮುಂದೆ ಈ ಲೆಕ್ಕ ಹೇಳಿ ನೋಡಿ.

ತುಂಗಾತೀರ:
ಇದೇ ತಪ್ಪು ಕ್ರಾಸ್ನರ್ ಮಾಡಿದರು. 2021ರ ಡಿಸೆಂಬರ್‌ನಲ್ಲಿ, ಕೊಲೆಗಳು ದಾಖಲೆ ಮುರಿದಿದ್ದ ಹೊತ್ತಿನಲ್ಲಿ, ಊರಿನಲ್ಲಿ ಅಪರಾಧದ ಬಿಕ್ಕಟ್ಟೇನೂ ಇಲ್ಲ ಅನ್ನುವ ಧಾಟಿಯಲ್ಲಿ ಪತ್ರಕರ್ತರ ಮುಂದೆ ಮಾತಾಡಿದರು. ಹಳೇ ಮೇಯರ್ ಮೈಕಲ್ ನಟ್ಟರ್ ಸಿಟ್ಟಿನಿಂದ ಪತ್ರಿಕೆಗೆ ಬರೆದರು. ನಟ್ಟರ್ ಕಪ್ಪು ಜನಾಂಗದವರು. ಸತ್ತವರಲ್ಲಿ ಹೆಚ್ಚಿನವರೂ ಕಪ್ಪು ಜನ. ಬಿಳಿಯ ಡಿಎಗೆ ಇದು ಯಾಕೆ ಕಾಣುತ್ತಿಲ್ಲ ಅನ್ನುವುದು ಅವರ ಪ್ರಶ್ನೆಯ ತಿರುಳು. ಆಮೇಲೆ ಕ್ರಾಸ್ನರ್ ಮಾತು ಸರಿಯಾಗಿ ಬರಲಿಲ್ಲ ಅಂತ ಸಮಜಾಯಿಷಿ ಕೊಟ್ಟರು.

ಆರೋಪಿ ಪರ ವಕೀಲರ ಅಭ್ಯಾಸ ಇಲ್ಲಿ ಕೈಕೊಡುತ್ತದೆ ಅನ್ನಿಸುತ್ತದೆ. ಅವರು ಒಬ್ಬ ಕಕ್ಷಿದಾರನ ಪರ ಅನುಮಾನ ಹುಟ್ಟಿಸುವುದನ್ನು ಕಲಿತವರು. ಡಿಎಗೆ ಇಡೀ ಊರಿನ ಹೆದರಿಕೆಯೂ ಕೇಳಿಸಬೇಕು.

ಎಡಿಸನ್_ಬಸ್ಸು:
ನಾವು ನ್ಯೂಜೆರ್ಸಿಯವರಿಗೆ ಈ ತಲೆನೋವೇ ಇಲ್ಲ. ನಮ್ಮ ಕೌಂಟಿ ಪ್ರಾಸಿಕ್ಯೂಟರುಗಳನ್ನು ಗವರ್ನರ್ ನೇಮಿಸುತ್ತಾರೆ, 5 ವರ್ಷಕ್ಕೆ. ಹೆಸರೇ ಗೊತ್ತಿಲ್ಲ ನನಗೆ 😄

ಫ್ರೀಮಾಂಟ್_ಪದ್ಮ:
ಅದು ಒಳ್ಳೆಯದೋ ಕೆಟ್ಟದ್ದೋ ಬಸ್ಸಣ್ಣ?

ಎಡಿಸನ್_ಬಸ್ಸು:
ಹೆಸರು ಗೊತ್ತಾಗದೆ ಕೆಲಸ ನಡೆಯುತ್ತಿದೆ ಅಂದರೆ ಒಳ್ಳೆಯದೇ ಇರಬೇಕು. ಹೋಗಲಿ, ಇನ್ನೊಂದು ಕಥೆ. 2019ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಟಿಫನಿ ಕಬಾನ್ ಅನ್ನುವ 31 ವರ್ಷದ ಪಬ್ಲಿಕ್ ಡಿಫೆಂಡರ್ ನಿಂತಿದ್ದರು. ಎಣಿಕೆಯ ರಾತ್ರಿ ಮುಂದಿದ್ದರು, ಗೆದ್ದೆ ಅಂತ ಘೋಷಿಸಿಕೊಂಡರು. ಮರುಎಣಿಕೆಯಲ್ಲಿ 60ರ ಆಸುಪಾಸು ವೋಟಿನಿಂದ ಮೆಲಿಂಡಾ ಕಾಟ್ಜ್‌ಗೆ ಸೋತರು. ಅಷ್ಟು ದೊಡ್ಡ ಕ್ವೀನ್ಸ್‌ನಲ್ಲಿ 60 ವೋಟು! ನಮ್ಮೂರ ಗ್ರಾಮ ಪಂಚಾಯ್ತಿಯಲ್ಲೂ ಇದಕ್ಕಿಂತ ಜಾಸ್ತಿ ಅಂತರ ಇರುತ್ತದೆ.

ಕರಿಕೋಟು:
ಎಲ್ಲರೂ ಜಾಮೀನು, ಅಂಗಡಿ ಕಳ್ಳತನದಲ್ಲೇ ಇದ್ದೀರಿ. ನನ್ನ ಪ್ರಕಾರ ಆರೋಪಿ ಪರ ವಕೀಲರು ಆ ಕುರ್ಚಿಗೆ ತರುವ ನಿಜವಾದ ಗುಣ ಬೇರೆ. ಫೈಲು ಓದುವ ರೀತಿ.

ನಾವು ಚಾರ್ಜ್‌ಶೀಟ್ ಕೈಗೆ ಬಂದ ತಕ್ಷಣ ಏನಿದೆ ಅಂತ ನೋಡುವುದಿಲ್ಲ. ಏನಿಲ್ಲ ಅಂತ ನೋಡುತ್ತೇವೆ. ಪಂಚರು ಯಾರು, ಅದೇ ಠಾಣೆಯ ಬೇರೆ ಕೇಸುಗಳಲ್ಲೂ ಅವರೇ ಪಂಚರಾ? ಎಫ್‌ಐಆರ್ ಕೋರ್ಟಿಗೆ ತಲುಪಿದ್ದು ಎಷ್ಟು ಹೊತ್ತಿಗೆ? ಮಹಜರಿನಲ್ಲಿ ಒಂದು ಬಣ್ಣದ ಶರ್ಟು, ವಿಧಿವಿಜ್ಞಾನ ಪ್ರಯೋಗಾಲಯದ ವರದಿಯಲ್ಲಿ ಇನ್ನೊಂದು ಬಣ್ಣ. ಯಾವ ಸಾಕ್ಷಿಯ ಹೇಳಿಕೆ ತೆಗೆದುಕೊಂಡು ಆಮೇಲೆ ಪಟ್ಟಿಯಿಂದ ಬಿಟ್ಟಿದ್ದಾರೆ? ಇಂಥ ಕಣ್ಣಿನವರು ಸರ್ಕಾರದ ಕಡೆ ಕೂತರೆ ಕಳಪೆ ಕೇಸು ಕೋರ್ಟಿಗೆ ಬರುವ ಮುಂಚೆಯೇ ನಿಲ್ಲುತ್ತದೆ. ಗಟ್ಟಿ ಕೇಸು ಇನ್ನೂ ಗಟ್ಟಿಯಾಗುತ್ತದೆ. ಶೆಟ್ಟರಿಗೂ ಅದರಿಂದ ಲಾಭವೇ.

ಅಮೆರಿಕದಲ್ಲಿ 1963ರ ಬ್ರೇಡಿ ತೀರ್ಪು ಇದೆ. ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನು ಪ್ರಾಸಿಕ್ಯೂಟರ್ ಕೊಡಲೇಬೇಕು ಅಂತ. ಕೊಡದೆ ಹೋದ ಫೈಲುಗಳೇ ಎಷ್ಟೋ ತಪ್ಪು ಶಿಕ್ಷೆಗಳ ಮೂಲ. ಫಿಲಡೆಲ್ಫಿಯಾದಲ್ಲಿ ಏನಾಯಿತು ತುಂಗಾತೀರ ಅವರೇ, ನೀವು ಬರೆದರೆ ಚೆನ್ನ.

ತುಂಗಾತೀರ:
ಶಿಕ್ಷೆ ಸರಿಯಾಗಿದೆಯಾ ಅಂತ ಮರುಪರಿಶೀಲಿಸುವ ಘಟಕ ಮುಂಚೆಯೂ ಇತ್ತು, ಹೆಸರಿಗೆ. ಕ್ರಾಸ್ನರ್ ಅದಕ್ಕೆ ಜನ ಕೊಟ್ಟರು. ಟೆಕ್ಸಾಸ್‌ನಿಂದ ಪೆಟ್ರೀಷಿಯಾ ಕಮಿಂಗ್ಸ್ ಅವರನ್ನು ಕರೆಸಿ ಮುಖ್ಯಸ್ಥರನ್ನಾಗಿ ಮಾಡಿದರು. 2019ರಲ್ಲಿ ಕೊಲೆ ಕೇಸಿನಲ್ಲಿ 28 ವರ್ಷ ಒಳಗಿದ್ದ ಒಬ್ಬರು ಹೊರಬಂದರು. ಬೇರೆಯವರ ಕಡೆ ಬೆರಳು ತೋರಿಸುವ ಮಾಹಿತಿ ಪೊಲೀಸರ ಫೈಲಿನಲ್ಲೇ ಇತ್ತು, ಆರೋಪಿಯ ವಕೀಲರಿಗೆ ಕೊಟ್ಟಿರಲಿಲ್ಲ. ಇಂಥವು ಒಂದೆರಡಲ್ಲ, 20ಕ್ಕೂ ಜಾಸ್ತಿ. 28 ವರ್ಷ ಅಂದರೆ ನಾನು ಅಮೆರಿಕಕ್ಕೆ ಬಂದು ಮದುವೆಯಾಗಿ ಮಗಳು ಕಾಲೇಜಿಗೆ ಹೋದಷ್ಟು ಕಾಲ.

ಬೆಣ್ಣೆದೋಸೆ ಅವರೇ, ಸಂತ್ರಸ್ತರ ಪರ ಅಂದಿರಲ್ಲ. ತಪ್ಪು ಮನುಷ್ಯ ಒಳಗಿದ್ದಷ್ಟು ಕಾಲ ನಿಜವಾದ ಕೊಲೆಗಾರ ಹೊರಗಿದ್ದ. ಇದಕ್ಕೇನು ಹೇಳುತ್ತೀರಿ?

ಬೆಣ್ಣೆದೋಸೆ:
ಇದಕ್ಕೆ ತಕರಾರಿಲ್ಲ. ಹಳೇ ಫೈಲು ತೆಗೆಯಲಿ. ಆದರೆ ಹೊಸ ಕೇಸು ಸಡಿಲ ಬಿಡಬೇಡಿ ಅನ್ನುತ್ತೇನೆ. ಅಕ್ರಮ ಬಂದೂಕಿನ ಕೇಸುಗಳು ಅಲ್ಲಿ ಬಿದ್ದುಹೋಗುತ್ತಿವೆ ಅಂತ ಗಲಾಟೆ ಆಗಿತ್ತಲ್ಲ?

ಲೆಕ್ಕಪತ್ರ:
ಆಗಿತ್ತು, ಅದು ಗಟ್ಟಿ ಟೀಕೆಯೇ. ಬಂದೂಕು ಇಟ್ಟುಕೊಂಡ ಕೇಸುಗಳಲ್ಲಿ ಶಿಕ್ಷೆಯಾಗುವವರ ಪ್ರಮಾಣ ಇಳಿಯಿತು. ಸಾಕ್ಷಿಗಳು ಬರಲಿಲ್ಲ, ಪೊಲೀಸರ ತನಿಖೆ ಸರಿಯಿಲ್ಲ ಅಂತ ಡಿಎ ಕಡೆಯವರು ಹೇಳಿದರು. ಡಿಎ ಕಚೇರಿಯಲ್ಲಿ ಅನುಭವಿಗಳೇ ಇಲ್ಲ ಅಂತ ಪೊಲೀಸ್ ಸಂಘ ಹೇಳಿತು. 31 ಜನರನ್ನು ಒಂದೇ ವಾರದಲ್ಲಿ ಕಳಿಸಿ, ಕಾಲೇಜು ಮುಗಿಸಿದ ಹುಡುಗರನ್ನು ತುಂಬಿದರೆ ಆ ಮಾತು ಬರುವುದು ಸಹಜ. 2019ರಲ್ಲಿ ರಾಜ್ಯ ಸರ್ಕಾರ ಒಂದು ಕಾನೂನು ಮಾಡಿ, ಫಿಲಡೆಲ್ಫಿಯಾದ ಕೆಲವು ಬಂದೂಕು ಕೇಸುಗಳನ್ನು ರಾಜ್ಯದ ಅಟಾರ್ನಿ ಜನರಲ್ ಕೂಡ ನಡೆಸಬಹುದು ಅಂದಿತು. ಬೇರೆ ಯಾವ ಕೌಂಟಿಗೂ ಇಲ್ಲದ ಕಾನೂನು.

2022ರ ನವೆಂಬರ್‌ನಲ್ಲಿ ರಾಜ್ಯದ ಕೆಳಮನೆ 107-85 ಮತದಿಂದ ಕ್ರಾಸ್ನರ್ ಮೇಲೆ ಮಹಾಭಿಯೋಗವನ್ನೇ ಪಾಸು ಮಾಡಿತು. ಸೆನೆಟ್ ವಿಚಾರಣೆ ನಡೆಯಲೇ ಇಲ್ಲ. 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದರ ಅವಧಿ ಮುಗಿದಿದೆ ಅಂತ ಮುಚ್ಚಿಹಾಕಿತು.

ಅಂಗಡಿ_ಶೆಟ್ಟರು:
ಕರಿಕೋಟು ಸರ್, ನಿಮ್ಮನ್ನೇ ಕೇಳುತ್ತೇನೆ. ನಾಳೆ ನಿಮಗೆ ಪಿಪಿ ಹುದ್ದೆ ಕೊಟ್ಟರೆ ನಿಮ್ಮ ಆದ್ಯತೆ ಏನು? ಭಾಷಣ ಬೇಡ, ಕೆಲಸ ಹೇಳಿ.

ಕರಿಕೋಟು:
ಪಿಪಿ ಆದರೆ ಕೈಯಲ್ಲಿ ಹೆಚ್ಚೇನೂ ಇಲ್ಲ. ಕೇಸು ವಾಪಸ್ ಪಡೆಯಲೂ ಕೋರ್ಟಿನ ಅನುಮತಿ ಬೇಕು. ಪ್ಲೀ ಬಾರ್ಗೇನಿಂಗ್, ಅಂದರೆ ಆ ತಪ್ಪೊಪ್ಪಿಗೆಯ ಒಪ್ಪಂದ, 2006ರಿಂದ ನಮ್ಮಲ್ಲೂ ಇದೆ, 7 ವರ್ಷದವರೆಗಿನ ಕೇಸುಗಳಿಗೆ. ಯಾರೂ ಮುಟ್ಟುವುದಿಲ್ಲ. ಕೇಸು ಎಳೆದು ಎಳೆದು ಸಾಕ್ಷಿ ತಿರುಗಿಬಿದ್ದು ಖುಲಾಸೆಯಾಗುತ್ತದೆ ಅಂತ ಗೊತ್ತಿರುವಾಗ ಯಾರು ಒಪ್ಪಿಕೊಳ್ಳುತ್ತಾರೆ?

ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನ 20ನೇ ಸೆಕ್ಷನ್ ಓದಿ. ಜಿಲ್ಲೆಗೊಂದು ಪ್ರಾಸಿಕ್ಯೂಷನ್ ನಿರ್ದೇಶನಾಲಯಕ್ಕೆ ಅವಕಾಶ ಇದೆ. 10 ವರ್ಷ ಮೇಲ್ಪಟ್ಟ ಶಿಕ್ಷೆಯ ಕೇಸುಗಳನ್ನು ರಾಜ್ಯದ ನಿರ್ದೇಶಕರು ಗಮನಿಸಬೇಕು. 7ರಿಂದ 10 ವರ್ಷದ ಕೇಸುಗಳಲ್ಲಿ ಉಪನಿರ್ದೇಶಕರು ಪೊಲೀಸ್ ವರದಿಯನ್ನು ಪರಿಶೀಲಿಸಬೇಕು. ಅದಕ್ಕಿಂತ ಕೆಳಗಿನದ್ದು ಸಹಾಯಕ ನಿರ್ದೇಶಕರಿಗೆ. ನಿರ್ದೇಶಕರಾಗಲು ಏನು ಬೇಕು ಗೊತ್ತಾ? 15 ವರ್ಷದ ವಕೀಲಿಕೆ, ಇಲ್ಲವೇ ಸೆಷನ್ಸ್ ಜಡ್ಜ್ ಆಗಿರಬೇಕು. 15 ವರ್ಷ ಯಾವ ಕಡೆ ನಿಂತಿದ್ದಿರಿ ಅಂತ ಕಾನೂನು ಕೇಳುವುದಿಲ್ಲ.

ಆ ಕುರ್ಚಿ ಸಿಕ್ಕರೆ ನನ್ನ ಕೆಲಸ ಹೀಗೆ. ಮೊದಲನೆಯದು, ನಾನು ಮೇಲೆ ಬರೆದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಹಾಕಿ, ಅದಕ್ಕೆ ಉತ್ತರ ಇಲ್ಲದ ಚಾರ್ಜ್‌ಶೀಟ್‌ಗಳನ್ನು ತನಿಖಾಧಿಕಾರಿಗೆ ವಾಪಸ್ ತೋರಿಸುವುದು. ಎರಡನೆಯದು, ಸಾಕ್ಷಿ ಬಂದ ದಿನವೇ ಸಾಕ್ಷ್ಯ ಮುಗಿಸುವುದು. ಶೆಟ್ಟರೇ, ನಿಮ್ಮಂಥ ಅಂಗಡಿಯವರು ನಾಲ್ಕು ಸಲ ಕೋರ್ಟಿಗೆ ಬಂದು ಸುಮ್ನೆ ವಾಪಸ್ ಹೋದರೆ ಐದನೇ ಸಲ "ನನಗೆ ನೆನಪಿಲ್ಲ ಸ್ವಾಮಿ" ಅನ್ನುತ್ತೀರಿ. ಮೂರನೆಯದು, ಶ್ಯೂರಿಟಿ ಸಿಗದೆ ಒಳಗಿರುವವರ ಪಟ್ಟಿ. ಅದೇ ಕಾನೂನಿನ 479ನೇ ಸೆಕ್ಷನ್ ಪ್ರಕಾರ ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಿಡುಗಡೆಗೆ ಅರ್ಹ, ಮರಣದಂಡನೆ, ಜೀವಾವಧಿಯ ಕೇಸು ಬಿಟ್ಟು. ಇಂಥವರ ಜಾಮೀನಿಗೆ ನಮ್ಮ ಕಡೆಯಿಂದ ಸುಮ್ಮನೆ ತಕರಾರು ಹಾಕುವುದನ್ನು ನಿಲ್ಲಿಸುತ್ತೇನೆ.

ಅಂಗಡಿ_ಶೆಟ್ಟರು:
ಎರಡನೆಯದು ಒಂದನ್ನೇ ಮಾಡಿದರೂ ನಿಮಗೆ ನನ್ನ ವೋಟು.

ಬೆಣ್ಣೆದೋಸೆ:
ವೋಟು ಎಲ್ಲಿದೆ ಶೆಟ್ಟರೇ? ನೇಮಿಸುವುದು ಸರ್ಕಾರ. ಫಿಲಡೆಲ್ಫಿಯಾದವರು ಇಷ್ಟವಿಲ್ಲದಿದ್ದರೆ ನಾಲ್ಕು ವರ್ಷಕ್ಕೆ ತೆಗೆಯಬಹುದು. ಕರಿಕೋಟು ಸರ್, ನಿಮ್ಮ ನಿರ್ದೇಶಕರು ಯಾರಿಗೆ ಉತ್ತರ ಹೇಳಬೇಕು?

ಕರಿಕೋಟು:
ಗೃಹ ಇಲಾಖೆಯ ಮುಖ್ಯಸ್ಥರ ಆಡಳಿತದ ಅಡಿಯಲ್ಲಿ, ಅದೇ ಸೆಕ್ಷನ್‌ನಲ್ಲಿ ಬರೆದಿದೆ. ಪೊಲೀಸರೂ ಅದೇ ಇಲಾಖೆಯ ಅಡಿಯಲ್ಲಿ. ನನ್ನ ಮೊದಲನೇ ಆದ್ಯತೆ ಎಷ್ಟು ದಿನ ಬಾಳುತ್ತದೆ ಅಂತ ನೀವೇ ಲೆಕ್ಕ ಹಾಕಿ.